ಆಣೆ ಯಾರನ್ನು ಕಟ್ಟಿಹಾಕುತ್ತದೆ?

ಮಧ್ಯಸ್ಥಿಕೆಯ ಕೆಲಸದಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: "ಸಾರ್, ಪೇಪರ್ ಮೇಲೆ ಸಹಿ ಬೇಕಾದ್ರೆ ಹಾಕ್ತಾನೆ. ದೇವರ ಮುಂದೆ ನಿಂತು ಹೇಳ್ಲಿ ನೋಡೋಣ." ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಂತೂ ಇದು ಇದ್ದದ್ದೇ. ವಕೀಲ ಮಿತ್ರರು ಕೇಳಿ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಕಾಸರಗೋಡಿನ ಕಾನತ್ತೂರು ದೈವಸ್ಥಾನಕ್ಕೆ ಆಣೆ ಪ್ರಮಾಣಕ್ಕೆ ಹೋಗೋಣ ಅಂದರೆ ಸಾಕು, ಬಸ್ಸು ಹತ್ತುವ ಮೊದಲೇ ರಾಜಿಗೆ ಬರುವವರು ಕರಾವಳಿಯಲ್ಲಿ ಇದ್ದಾರೆ.

ಧರ್ಮದ ಹೆಸರಲ್ಲಿ ಜಗಳ ಹತ್ತುವುದನ್ನು ನಾವೆಲ್ಲ ನೋಡಿದ್ದೇವೆ. ಅದೇ ಧರ್ಮ ಜಗಳ ಬಿಡಿಸುವುದು ಹೇಗೆ ಅಂತ ತಿಳಿಯಲು ನನ್ನ ಮೆಚ್ಚಿನ ಪಾಠ ದಕ್ಷಿಣ ಸುಡಾನಿನ ವುನ್ಲಿಟ್‌ನಲ್ಲಿ ನಡೆದ ಶಾಂತಿ ಸಭೆ.

1991ರಲ್ಲಿ, ಸುಡಾನ್ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಅಲ್ಲಿನ ಬಂಡಾಯ ಪಡೆ ಎಸ್‌ಪಿಎಲ್‌ಎ ಒಡೆಯಿತು. ಜಾನ್ ಗರಾಂಗ್ ಒಂದು ಕಡೆ, ರಿಯಕ್ ಮಚಾರ್ ಇನ್ನೊಂದು ಕಡೆ. ಗರಾಂಗ್ ಡಿಂಕಾ, ಮಚಾರ್ ನುಯರ್. ನಾಯಕರಿಬ್ಬರ ಜಗಳ ಎರಡು ಜನಾಂಗಗಳ ಜಗಳವಾಯಿತು. ಇಬ್ಬರೂ ದನ ಸಾಕುವವರು. ದನಕ್ಕೆ, ಹುಲ್ಲುಗಾವಲಿಗೆ ಹಿಂದೆಯೂ ಹೊಡೆದಾಡಿದವರೇ. ಆದರೆ ಅದಕ್ಕೊಂದು ಕಟ್ಟುಪಾಡು ಇತ್ತು. ನುಯರ್‌ರಲ್ಲಿ ಕೊಲೆ ಮಾಡಿದವನು ಚಿರತೆ ಚರ್ಮ ಹೊದೆಯುವ ಪೂಜಾರಿಯ ಮನೆಗೆ ಓಡಬೇಕು. ಆತ ತೋಳು ಗೀರಿ ರಕ್ತ ಹರಿಸುವ ತನಕ ಗುಟುಕು ನೀರೂ ಕುಡಿಯುವಂತಿಲ್ಲ. ಆಮೇಲೆ ಎಷ್ಟು ದನ ಕೊಡಬೇಕು ಅನ್ನುವ ಮಾತುಕತೆ. ಆ ಪೂಜಾರಿಯ ಹತ್ತಿರ ಪೊಲೀಸೂ ಇಲ್ಲ, ಜೈಲೂ ಇಲ್ಲ. ಆದರೂ ನಡೆಯುತ್ತಿತ್ತು. ಬಂದೂಕು ಬಂದ ಮೇಲೆ ಯಾರ ಗುಂಡಿಗೆ ಯಾರು ಸತ್ತರು ಅನ್ನುವುದೇ ಗೊತ್ತಾಗದೆ ಎಲ್ಲ ಸಡಿಲವಾಯಿತು.

ಇಲ್ಲಿ ಕೈಹಾಕಿದ್ದು ನ್ಯೂ ಸುಡಾನ್ ಕೌನ್ಸಿಲ್ ಆಫ್ ಚರ್ಚಸ್ ಎಂಬ ಚರ್ಚುಗಳ ಒಕ್ಕೂಟ. 1998ರ ಜೂನ್‌ನಲ್ಲಿ ಕೀನ್ಯಾದ ಲೋಕಿಚೋಗಿಯೋದಲ್ಲಿ ಎರಡೂ ಕಡೆಯ ಮುಖಂಡರನ್ನು ಮೊದಲು ಕೂರಿಸಿತು. ಆಮೇಲೆ ಇವರ ಊರಿಗೆ ಅವರು, ಅವರ ಊರಿಗೆ ಇವರು ಹೋಗಿ ಬಂದರು. ಜೀವ ಕೈಯಲ್ಲಿ ಹಿಡಿದುಕೊಂಡೇ ಹೋದರು ಅನ್ನಿ. ದೊಡ್ಡ ಸಭೆ ಸೇರಿದ್ದು 1999ರ ಫೆಬ್ರವರಿ 27ರಿಂದ ಮಾರ್ಚ್ 8ರವರೆಗೆ, ಡಿಂಕಾ ನೆಲದ ವುನ್ಲಿಟ್‌ನಲ್ಲಿ. ಅದಕ್ಕೆಂದೇ ಗುಡಿಸಲು ಕಟ್ಟಿ ಒಂದು ಹೊಸ ಊರನ್ನೇ ಎಬ್ಬಿಸಿದ್ದರು.

ಕರೆದದ್ದು ಚರ್ಚು. ಆದರೆ ಶುರುವಾದದ್ದು ಬರೀ ಪ್ರಾರ್ಥನೆಯಿಂದಲ್ಲ. ಈಟಿ ಹಿಡಿದ ಸಾಂಪ್ರದಾಯಿಕ ಪೂಜಾರಿಗಳು ಮಬಿಯೋರ್ ಎಂಬ ದೊಡ್ಡ ಬಿಳಿ ಹೋರಿಯನ್ನು ಬಲಿ ಕೊಟ್ಟರು. ಒಪ್ಪಂದ ಮುರಿದವನಿಗೆ ಇದೇ ಗತಿ ಎಂಬ ಶಾಪವೂ ಅದರ ಜೊತೆಗಿತ್ತು. ಪಾದ್ರಿಗಳು ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕದೆ ಜೊತೆಗೆ ನಿಂತರು. ಅವರ ಜಾಣತನ ನನಗೆ ಕಾಣುವುದು ಅಲ್ಲೇ.

ಆಮೇಲೆ ಸರದಿಯಲ್ಲಿ ದೂರು. ಒಂದು ಕಡೆಯವರು ಸತ್ತವರ, ಸುಟ್ಟ ಮನೆಗಳ, ಹೊಡೆದುಕೊಂಡು ಹೋದ ದನಗಳ ಕತೆ ಹೇಳುವಾಗ ಇನ್ನೊಂದು ಕಡೆಯವರು ಕೂತು ಕೇಳಬೇಕು. ಉತ್ತರ ಕೊಡುವ ಸರದಿ ಆಮೇಲೆ. ಶಾಂತಿ ಮಾತುಕತೆ ಅಂದ ಕೂಡಲೇ "ಹಳೆಯದ್ದೆಲ್ಲ ಮರೆತುಬಿಡಿ" ಅನ್ನುವ ಹಿರಿಯರು ನಮ್ಮಲ್ಲಿ ಜಾಸ್ತಿ, ಅಲ್ವಾ? ನನ್ನ ಅನುಭವದಲ್ಲಿ ಹೇಳಲು ಬಿಡದ ದೂರು ಸಹಿ ಆದ ಮೇಲೆ ಎದ್ದು ಬರುತ್ತದೆ. ವುನ್ಲಿಟ್‌ನಲ್ಲಿ ಎಲ್ಲ ಹೊರಬಿದ್ದ ಮೇಲೆ ಹೋರಿಯ ಸಾಕ್ಷಿಯಲ್ಲಿ ವ್ಯವಹಾರದ ಮಾತು ಶುರುವಾಯಿತು. ಹೊತ್ತೊಯ್ದ ಹೆಣ್ಣುಮಕ್ಕಳು, ಮಕ್ಕಳು ವಾಪಸ್ ಬರುವುದು ಹೇಗೆ, ಗಡಿಯ ಹುಲ್ಲುಗಾವಲು ಮತ್ತು ಮೀನಿನ ಜಾಗ ಇಬ್ಬರಿಗೂ ತೆರೆಯುವುದು ಹೇಗೆ, ಗಡಿ ಕಾಯುವವರು ಯಾರು.

ಆ ಭಾಗದಲ್ಲಿ ದಾಳಿಗಳು ಬಹಳ ತಗ್ಗಿದವು. ಗರಾಂಗ್, ಮಚಾರ್ ಮತ್ತೆ ಒಂದಾಗಿದ್ದು 2002ರ ಜನವರಿಯಲ್ಲಿ, ಅಂದರೆ ಜನ ಒಂದಾದ ಎಷ್ಟೋ ದಿನಗಳ ಮೇಲೆ.

ಆದರೆ 2013ರ ಡಿಸೆಂಬರ್‌ನಲ್ಲಿ ಸುಡಾನಿನಿಂದ ಬೇರೆಯಾಗಿದ್ದ ಹೊಸ ದೇಶ ದಕ್ಷಿಣ ಸುಡಾನಿನ ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಮಚಾರ್ ನಡುವೆ ಯುದ್ಧ ಹತ್ತಿತು. ವುನ್ಲಿಟ್ ಸಭೆಗೆ ಭದ್ರತೆ ಕೊಟ್ಟ ಕಮಾಂಡರ್ ಇದೇ ಕೀರ್! ಹೋರಿಯ ಶಾಪ ದನ ಕಾಯುವವರನ್ನು ಕಟ್ಟಿಹಾಕಿತು, ಪಡೆಗಳನ್ನು ಸಾಕುವವರನ್ನಲ್ಲ.

ನಮ್ಮಲ್ಲಿ ಗಣೇಶನ ಹಬ್ಬಕ್ಕೆ, ಈದ್‌ಗೆ ಮೊದಲು ಪೊಲೀಸ್ ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಒಬ್ಬರು ಸ್ವಾಮಿಗಳು, ಒಬ್ಬರು ಮೌಲ್ವಿ, ಒಬ್ಬರು ಪಾದ್ರಿ, ಟೀ, ಫೋಟೊ. ಇವರು ಮೂವರೂ ಮೊದಲೂ ಜಗಳವಾಡಿದವರಲ್ಲ. ನನ್ನನ್ನು ಕರೆದಾಗ ನಾನು ಇನ್ಸ್‌ಪೆಕ್ಟರನ್ನು ಕೇಳುವುದು ಬೇರೆಯವರ ಹೆಸರು: ಮೆರವಣಿಗೆಯ ದಾರಿ ತೀರ್ಮಾನಿಸುವ ಹುಡುಗರು ಯಾರು, ಡಿಜೆ ಯಾರದ್ದು, ಖರ್ಚಿಗೆ ದುಡ್ಡು ಕೊಡುವವರು ಯಾರು?