ಹಂಪ್ ಹಾಕಿಸಲು ನಾವೇ ಚಂದಾ ಎತ್ತಬೇಕೇ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ಬಡಾವಣೆಯ ಅಡ್ಡರಸ್ತೆಯನ್ನು ಮೇನ್ ರೋಡಿನ ಸಿಗ್ನಲ್ ತಪ್ಪಿಸುವವರೆಲ್ಲ ದಾರಿ ಮಾಡಿಕೊಂಡಿದ್ದಾರೆ. ಬೆಳಗಿನ ಹೊತ್ತು ಮಕ್ಕಳನ್ನು ಗೇಟಿನಿಂದಾಚೆ ಬಿಡಲು ಭಯ. ಅರ್ಜಿ ಕೊಟ್ಟರೆ ‘ಫಂಡ್ ಇಲ್ಲ’ ಎಂಬ ಉತ್ತರ. ಸಂಘದಿಂದ ಮನೆಗಿಷ್ಟು ಎಂದು ಹಣ ಕೂಡಿಸಿ ನಾವೇ ಹಂಪ್ ಹಾಕಿಸಬಹುದೇ? ಇಲ್ಲದಿದ್ದರೆ ಇದಕ್ಕೆ ದುಡ್ಡು ಕೊಡಬೇಕಾದವರು ಯಾರು?

ಉತ್ತರ: ದಯವಿಟ್ಟು ಚಂದಾ ಎತ್ತಬೇಡಿ. ಬೀದಿಗಳನ್ನು ಮಾಡುವುದು, ನೋಡಿಕೊಳ್ಳುವುದು ನಗರ ಪಾಲಿಕೆಯ ಕಡ್ಡಾಯ ಕೆಲಸ. ವರ್ಷವರ್ಷ ನೀವು ಕಟ್ಟುವ ಆಸ್ತಿ ತೆರಿಗೆಯಲ್ಲಿ ಇದರ ಖರ್ಚೂ ಸೇರಿದೆ. ಗಾಡಿಗಳ ವೇಗ ತಗ್ಗಿಸುವುದು ರಸ್ತೆ ಕೆಲಸದ್ದೇ ಭಾಗ. ಡಾಂಬರಿಗೆ ಹಣವಿದೆ, ಹಂಪಿಗಿಲ್ಲ ಎನ್ನುವ ಮಾತನ್ನು ಒಪ್ಪಿಕೊಳ್ಳಬೇಕಾಗಿಲ್ಲ.

ನಿವಾಸಿಗಳೇ ಹಾಕಿಸಿದ ಹಂಪ್ ಹೇಗಿರುತ್ತದೆ ಎಂಬುದನ್ನು ನೀವೂ ನೋಡಿರುತ್ತೀರಿ. ಯಾರದೋ ಮನೆ ಕಟ್ಟುವಾಗ ಉಳಿದ ಕಾಂಕ್ರೀಟು, ಒಂದೂವರೆ ಅಡಿ ಅಗಲ, ಅರ್ಧ ಅಡಿ ಎತ್ತರ, ಮೇಲ್ಭಾಗ ಚೂಪು. ಬಣ್ಣವಿಲ್ಲ, ಬೋರ್ಡಿಲ್ಲ. ಬೀದಿದೀಪ ಕೆಟ್ಟ ರಾತ್ರಿ ಸ್ಕೂಟರಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತ ಹೆಂಗಸು ಬೀಳುವುದು ಇಂಥ ಕಡೆಯೇ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2015ರ ಒಂದೇ ವರ್ಷದಲ್ಲಿ ದೇಶದಲ್ಲಿ ಸ್ಪೀಡ್ ಬ್ರೇಕರ್‌ಗಳ ಕಾರಣಕ್ಕೆ ಆದ ಅಪಘಾತಗಳಲ್ಲಿ ಸತ್ತವರು 3,409 ಮಂದಿ. ಜೀವ ಉಳಿಸಲೆಂದು ಹಾಕಿದ್ದು ಜೀವ ತೆಗೆದ ಲೆಕ್ಕ ಇದು. ಸಾರ್ವಜನಿಕ ದಾರಿಯಲ್ಲಿ ಅಡ್ಡಿ, ಅಪಾಯ ಉಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಡಿ ಅಪರಾಧವೂ ಹೌದು. ಯಾರಾದರೂ ಬಿದ್ದು ಪೆಟ್ಟಾದರೆ, ಚಂದಾ ಕೊಟ್ಟ ಸಂಘದ ಪದಾಧಿಕಾರಿಗಳು ಪೊಲೀಸರ ಪ್ರಶ್ನೆಗೆ ಉತ್ತರ ಕೊಡಬೇಕಾಗಬಹುದು.

ಸರಿಯಾದ ಹಂಪಿಗೆ ಅಳತೆ ಇದೆ. ರಸ್ತೆ ಕೆಲಸಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೊರತಂದ ಐಆರ್‌ಸಿ 99 ಎಂಬ ಮಾರ್ಗಸೂಚಿ ಹೇಳುವುದು: ಅಗಲ 3.7 ಮೀಟರ್, ಅಂದರೆ ಸುಮಾರು ಹನ್ನೆರಡು ಅಡಿ. ನಡುವಿನ ಎತ್ತರ 10 ಸೆಂಟಿಮೀಟರ್, ಅಂದರೆ ನಾಲ್ಕು ಇಂಚು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬಂದವರಿಗೆ ಅದು ತೊಂದರೆ ಕೊಡದು, ಐವತ್ತರಲ್ಲಿ ಬಂದವರಿಗೆ ಸೀಟಿನಿಂದ ಎತ್ತಿ ಹಾಕುತ್ತದೆ. ಕಪ್ಪು ಬಿಳುಪು ಪಟ್ಟೆ ಬಳಿಯಬೇಕು, 40 ಮೀಟರ್ ಮೊದಲೇ ಎಚ್ಚರಿಕೆ ಫಲಕ ಇರಬೇಕು. ಸಾಲಾಗಿ ಹಾಕುವುದಾದರೆ ಒಂದರಿಂದ ಇನ್ನೊಂದಕ್ಕೆ ನೂರು, ನೂರಿಪ್ಪತ್ತು ಮೀಟರ್ ಅಂತರ. ಈ ಮಾರ್ಗಸೂಚಿ 2018ರಲ್ಲಿ ಪರಿಷ್ಕೃತವಾದಾಗ ಹಂಪಿನಾಚೆಗೂ ಹೋಗಿ, ವೇಗ ತಗ್ಗಿಸುವ ಬೇರೆ ಬೇರೆ ವಿಧಾನಗಳ ಕೈಪಿಡಿಯೇ ಆಯಿತು. ಬೋಲ್ಟ್ ಹಾಕಿ ಕೂರಿಸುವ ರಬ್ಬರ್, ಪ್ಲಾಸ್ಟಿಕ್ ಪಟ್ಟಿಗಳನ್ನು ಮಾತ್ರ ಕೇಳಬೇಡಿ. ತುಂಡುಗಳು ಕಿತ್ತುಹೋಗಿ ಬೋಲ್ಟುಗಳು ತಲೆ ಎತ್ತಿ ನಿಲ್ಲುತ್ತವೆ.

ಇನ್ನು ದುಡ್ಡಿನ ವಿಷಯ. ಬಡಾವಣೆಯ ಒಳರಸ್ತೆಗಳಿಗೆ ಹಣ ಬರುವುದು ಮುಖ್ಯವಾಗಿ ಪಾಲಿಕೆಯ ವಾರ್ಡ್ ಕಾಮಗಾರಿಗಳ ಲೆಕ್ಕದಲ್ಲಿ. 2025ರ ಸೆಪ್ಟೆಂಬರಿನಿಂದ ಬೆಂಗಳೂರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ. ನಿಮ್ಮ ರಸ್ತೆ ಯಾವ ಪಾಲಿಕೆಗೆ ಸೇರಿತು ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇದೆ, ಅದರಲ್ಲೂ ಕೇಳಬಹುದು. ಆದರೆ ಶಂಕುಸ್ಥಾಪನೆಯ ಕಲ್ಲು ನೆಡಲು ಬಾರದ ಕೆಲಸಕ್ಕೆ ಅಲ್ಲಿ ಸರದಿ ಬರುವುದು ನಿಧಾನ. ಹತ್ತಿರದಲ್ಲಿ ದೊಡ್ಡ ಕಂಪನಿಯಿದ್ದರೆ ಸಿಎಸ್‌ಆರ್ ಹಣವೂ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆಂದು ತೆಗೆದಿಡುವ ಹಣವೂ, ಒಂದು ದಾರಿ. ರಸ್ತೆ ಸುರಕ್ಷತೆಯ ಕೆಲಸ ಅದರ ವ್ಯಾಪ್ತಿಗೆ ಬರುತ್ತದೆಂದು ಕಂಪನಿ ವ್ಯವಹಾರಗಳ ಸಚಿವಾಲಯ 2014ರಲ್ಲೇ ಸ್ಪಷ್ಟಪಡಿಸಿದೆ.

ನನ್ನನ್ನು ಹೆಚ್ಚು ಕಾಡುವುದು ದಂಡದ ಹಣ. 2023ರ ಫೆಬ್ರವರಿಯಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟಾಗ ಬೆಂಗಳೂರೊಂದರಲ್ಲೇ ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. ಆ ಹಣ ಸೇರುವುದು ರಾಜ್ಯದ ಬೊಕ್ಕಸಕ್ಕೆ, ಬೀದಿ ನೋಡಿಕೊಳ್ಳುವ ಪಾಲಿಕೆಗಲ್ಲ. ರಸ್ತೆ ಸುರಕ್ಷತಾ ನಿಧಿ ಸ್ಥಾಪಿಸಿ ದಂಡದ ಒಂದು ಪಾಲನ್ನು ಅದಕ್ಕೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ನವೆಂಬರಿನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಅತಿವೇಗಕ್ಕೆ ಕಟ್ಟಿದ ದಂಡ ಅದೇ ವೇಗವನ್ನು ತಗ್ಗಿಸುವ ಕೆಲಸಕ್ಕೆ ಹೋಗುವುದಕ್ಕಿಂತ ನ್ಯಾಯವಾದ ಬಳಕೆ ಇನ್ನೇನಿದೆ? ನಿಮ್ಮ ಶಾಸಕರು ಸಿಕ್ಕಾಗ ಹಂಪ್ ಕೇಳುವ ಜೊತೆಗೆ, ಈ ನಿಧಿಯಲ್ಲಿ ಒಳರಸ್ತೆಗಳ ಪಾಲೆಷ್ಟು ಎಂದೂ ಕೇಳಿ.

ಆದರೆ ಅಷ್ಟರವರೆಗೆ ಕಾಯಬೇಕಿಲ್ಲ. ಎಲ್ಲಕ್ಕಿಂತ ಸುಲಭದ ದಾರಿ, ರಸ್ತೆಗೆ ಹೊಸದಾಗಿ ಡಾಂಬರು ಹಾಕುವ ಕೆಲಸದ ಅಂದಾಜು ಪಟ್ಟಿಯಲ್ಲೇ ಇದನ್ನು ಸೇರಿಸಿಬಿಡುವುದು. ಯಂತ್ರ, ಡಾಂಬರು, ಕೆಲಸಗಾರರು ಎಲ್ಲ ಹೇಗೂ ಅಲ್ಲೇ ಇರುತ್ತಾರೆ. ಹಂಪ್, ಅಡ್ಡದಾರಿಗಳು ಕೂಡುವಲ್ಲಿ ಮೂಲೆಯ ಫುಟ್‌ಪಾತನ್ನು ಮುಂದಕ್ಕೆ ತಂದು ರಸ್ತೆ ಕಿರಿದು ಮಾಡುವುದು, ಶಾಲೆಯ ಮುಂದೆ ಫುಟ್‌ಪಾತಿನ ಎತ್ತರಕ್ಕೇ ದಾಟುವ ಜಾಗ ಎತ್ತರಿಸುವುದು, ಇವೆಲ್ಲದರ ಖರ್ಚು ಡಾಂಬರಿನ ಖರ್ಚಿನ ಮುಂದೆ ಸಣ್ಣದು. ಇದನ್ನು ತಪ್ಪಿಸಿಕೊಂಡರೆ ಉಲ್ಟಾ ನಷ್ಟ: ಹಳೆಯ ಹಂಪಿದ್ದರೆ ಹೊಸ ಡಾಂಬರಿನಡಿ ಅದೂ ಮಾಯ, ನುಣುಪಾದ ರಸ್ತೆಯಲ್ಲಿ ಗಾಡಿಗಳಿಗೆ ಇನ್ನಷ್ಟು ವೇಗ. ಹಾಗಾಗಿ ನಿಮ್ಮ ರಸ್ತೆಯ ಕೆಲಸ ಯಾವ ವರ್ಷದ ಪಟ್ಟಿಯಲ್ಲಿದೆ ಎಂದು ವಾರ್ಡ್ ಇಂಜಿನಿಯರ್ ಅವರಲ್ಲಿ ಕೇಳಿ ತಿಳಿದುಕೊಳ್ಳಿ. ಬಜೆಟ್ ಮಂಡನೆಯಾದ ಮೇಲೆ ಹೋದರೆ ಪ್ರಯೋಜನ ಕಡಿಮೆ, ಅದಕ್ಕೆ ಮೊದಲೇ ಲಿಖಿತವಾಗಿ ಕೊಡಿ, ಒಂದು ಪ್ರತಿ ಸಂಚಾರ ಪೊಲೀಸ್ ಠಾಣೆಗೂ ಇರಲಿ. ಸ್ಥಳ ನೋಡಿ ಶಿಫಾರಸು ಮಾಡುವ ಅವರ ಮಾತಿಗೆ ಪಾಲಿಕೆಯಲ್ಲಿ ತೂಕವಿದೆ.

ಅರ್ಜಿಯ ಜೊತೆ ಅಂಕಿಅಂಶ ಇಡಿ. ಚಂದಾದ ಬದಲು ನಿವಾಸಿಗಳು ಕೊಡಬೇಕಾದದ್ದು ಇದನ್ನೇ. ರಸ್ತೆಯ ಅಂಚಿನಲ್ಲಿ ಸೀಮೆಸುಣ್ಣದಿಂದ 50 ಮೀಟರ್ ಅಂತರಕ್ಕೆ ಎರಡು ಗೆರೆ ಎಳೆಯಿರಿ, ಮಹಡಿಯಿಂದ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನೋಡಿ. ಆರು ಸೆಕೆಂಡಿನಲ್ಲಿ ದಾಟಿದ ಗಾಡಿಯ ವೇಗ ಗಂಟೆಗೆ 30 ಕಿಲೋಮೀಟರ್, ನಾಲ್ಕು ಸೆಕೆಂಡಾದರೆ 45, ಮೂರಾದರೆ 60. ಶಾಲೆಯ ಹೊತ್ತಿನಲ್ಲಿ ಒಂದು ಗಂಟೆಯ ಪಟ್ಟಿ ಬರೆದರೂ ಸಾಕು, ‘ತುಂಬಾ ಸ್ಪೀಡಾಗಿ ಬರ್ತಾರೆ ಸಾರ್’ ಎನ್ನುವುದಕ್ಕಿಂತ ಅದು ಗಟ್ಟಿ. ಮೂವತ್ತು ಏಕೆ ಮುಖ್ಯ ಎಂದರೆ, ಐವತ್ತರಲ್ಲಿ ಬರುವ ಅದೇ ಕಾರಿನಲ್ಲಿರುವ ಡಿಕ್ಕಿಯ ಶಕ್ತಿ ಮೂವತ್ತರಲ್ಲಿ ಬರುವುದರ ಎರಡೂಮುಕ್ಕಾಲು ಪಟ್ಟು. ಜನ ಮತ್ತು ವಾಹನ ಬೆರೆಯುವ ಕಡೆ ಮೂವತ್ತೇ ಮಿತಿಯಾಗಲಿ ಎಂದು ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನದಲ್ಲಿ ಹೊರಟ 2020ರ ಸ್ಟಾಕ್‌ಹೋಮ್ ಘೋಷಣೆಯೂ ಹೇಳಿದೆ.

ಚಂದಾ ಬೇಡ ಎನ್ನಲು ನನಗೆ ಇನ್ನೊಂದು ಕಾರಣವಿದೆ. ದುಡ್ಡಿದ್ದ ಬಡಾವಣೆ ಹಂಪ್ ಹಾಕಿಸಿಕೊಂಡರೆ ಸಿಗ್ನಲ್ ತಪ್ಪಿಸುವ ಗಾಡಿಗಳು ಮನೆಗೆ ಹೋಗುವುದಿಲ್ಲ, ಪಕ್ಕದ ಬೀದಿಗೆ ಹೋಗುತ್ತವೆ. ಅಲ್ಲಿ ವಠಾರದ ಸಾಲಿದ್ದರೆ, ಮಕ್ಕಳು ಆಡುವುದು ರಸ್ತೆಯಲ್ಲೇ ಆದರೆ, ನಿಮ್ಮ ಅಪಾಯ ಅವರ ಪಾಲಾಯಿತು. ಅರ್ಜಿಯನ್ನು ಒಂದು ರಸ್ತೆಗೆ ಬರೆಯಬೇಡಿ, ಎರಡು ಮೇನ್ ರೋಡುಗಳ ನಡುವಿನ ಇಡೀ ಭಾಗಕ್ಕೆ ಬರೆದು ಪಕ್ಕದ ಬೀದಿಯವರ ಸಹಿಯನ್ನೂ ಹಾಕಿಸಿ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ಊರಿನಲ್ಲಿ 1960ರ ದಶಕದ ಕೊನೆಗೆ ತಮ್ಮ ಬೀದಿಯಲ್ಲಿ ಗಾಡಿಗಳ ವೇಗ ತಗ್ಗಿಸಲು ನಿವಾಸಿಗಳೇ ಶುರುಮಾಡಿದ ಪ್ರಯತ್ನಕ್ಕೆ ಬಲ ಬಂದದ್ದು, 1976ರಲ್ಲಿ ಅದು ಕಾನೂನಾಗಿ ದೇಶಕ್ಕೇ ಅನ್ವಯವಾದ ಮೇಲೆ.

ಕೆಲಸ ಮಂಜೂರಾದರೆ ಅಲ್ಲಿಗೇ ಬಿಡಬೇಡಿ. ಗುತ್ತಿಗೆದಾರರು ಹಂಪ್ ಎಬ್ಬಿಸಿ, ಬಣ್ಣ ಆಮೇಲೆ ಎಂದು ಹೋಗುವುದುಂಟು. ಬಣ್ಣ ಬೀಳುವವರೆಗೆ ಅದು ಕತ್ತಲಲ್ಲಿ ಕಾಣದ ಅಡ್ಡಿಯೇ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ ಇಲ್ಲಿ ನೆರವಿಗೆ ಬರುತ್ತದೆ: ರಸ್ತೆಯ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣವಾದ ಅಧಿಕಾರಿ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಅರ್ಜಿಯಲ್ಲಿ ಈ ಕಲಮನ್ನು ಒಂದು ಸಾಲಿನಲ್ಲಿ ನೆನಪಿಸಿ. ಮಳೆನೀರು ಚರಂಡಿಗೆ ಹರಿಯಲು ಹಂಪಿನ ಎರಡೂ ತುದಿಯಲ್ಲಿ ದಾರಿ ಬಿಟ್ಟಿದ್ದಾರೆಯೇ ನೋಡಿ, ಟೇಪ್ ಹಿಡಿದು ಹನ್ನೆರಡು ಅಡಿ, ನಾಲ್ಕು ಇಂಚು ಅಳೆಯಿರಿ. ವ್ಯತ್ಯಾಸವಿದ್ದರೆ ಫೋಟೊ ಸಮೇತ ಇಂಜಿನಿಯರ್ ಅವರಿಗೆ ಅಂದೇ ಬರೆಯಿರಿ, ಬಿಲ್ ಪಾಸಾಗುವ ಮುಂಚೆ.