ಮೊದಲು ಅಂಚುಗಲ್ಲು, ಆಮೇಲೆ ಪಂಪು: ಮನೆ ತೋಟದ ಜಲಪಾತದ ಲೆಕ್ಕಾಚಾರ

ತೋಟಕ್ಕೊಂದು ಜಲಪಾತ ಬೇಕು ಎಂದುಕೊಂಡವರು ಸಾಮಾನ್ಯವಾಗಿ ಮೊದಲು ಕಲ್ಲು ತರಿಸುತ್ತಾರೆ. ಆಮೇಲೆ ಅಂಗಡಿಯವರು ಕೈಗಿತ್ತ ಪಂಪು ಬರುತ್ತದೆ. ನೀರು ಎಷ್ಟು ಬೀಳುತ್ತದೆ ಎಂಬುದು ಎಲ್ಲ ಕಟ್ಟಿ ಮುಗಿದ ಮೇಲೆ ತಿಳಿಯುತ್ತದೆ. ಈ ಕ್ರಮ ತಲೆಕೆಳಗು. ಮೊದಲು ತೀರ್ಮಾನ ಆಗಬೇಕಾದ್ದು ಎರಡೇ ಅಳತೆ: ನೀರು ಧುಮುಕುವ ಅಂಚಿನ ಅಗಲ ಮತ್ತು ಕೆಳಗಿನ ನೀರಿನ ಮಟ್ಟದಿಂದ ಅದರ ಎತ್ತರ. ಇವೆರಡು ಗೊತ್ತಾದರೆ ಪಂಪು, ಪೈಪು, ತೊಟ್ಟಿ, ಕರೆಂಟಿನ ಖರ್ಚು ಎಲ್ಲದಕ್ಕೂ ಲೆಕ್ಕ ಸಿಗುತ್ತದೆ.

ಬಗೆಗಳು ಮೂರು. ಕೊಳಕ್ಕೆ ಬೀಳುವುದು ಒಂದು. ಜಲ್ಲಿಯೊಳಗೆ ಇಳಿದು ನೆಲದಡಿಯ ತೊಟ್ಟಿ ಸೇರುವುದು, ಅಂದರೆ ಕೊಳವೇ ಕಾಣದ್ದು, ಇನ್ನೊಂದು. ಗೋಡೆಯ ಸೀಳಿನಿಂದ ತೆಳು ಹಾಳೆಯಾಗಿ ಇಳಿಯುವುದು ಮೂರನೆಯದು. ಮೀನು ಸಾಕುವ ಆಸೆ ಇಲ್ಲದಿದ್ದರೆ ಎರಡನೆಯದನ್ನೇ ಆರಿಸಿ ಎಂಬುದು ನಮ್ಮ ಸಲಹೆ. ತೆರೆದ ನೀರಿಲ್ಲದ್ದರಿಂದ ಚಿಕ್ಕ ಮಕ್ಕಳಿರುವ ಮನೆಗೆ ಅಪಾಯ ಕಡಿಮೆ, ಪಾಚಿ ಕಡಿಮೆ, ಊರಿಗೆ ಹೋಗುವಾಗ ಪಂಪು ಆರಿಸಿ ಹೋಗಬಹುದು. ಮೀನಿದ್ದರೆ ಆ ಸ್ವಾತಂತ್ರ್ಯ ಇರುವುದಿಲ್ಲ. ಕೊಳದ ನೀರಿನಲ್ಲಿ ಕರಗಿದ ಆಮ್ಲಜನಕ ಬೆಳಗಿನ ಜಾವದ ಹೊತ್ತಿಗೆ ಅತಿ ಕಡಿಮೆ ಇರುತ್ತದೆ. ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ರಾತ್ರಿ ಪಂಪು ನಿಲ್ಲಿಸಿದರೆ ಮೀನುಗಳಿಗೆ ಉಸಿರು ಬೇಕಾದ ಹೊತ್ತಿನಲ್ಲೇ ನಿಲ್ಲಿಸಿದಂತೆ. ಗೋಡೆಯ ಜಲಪಾತ ನೋಡಲು ಸುಲಭ, ಮಾಡಲು ಅಲ್ಲ. ಅದರ ಅಂಚು ಒಂದೆರಡು ಮಿ.ಮೀ. ಓರೆಯಾದರೂ ಹಾಳೆ ಒಂದು ಬದಿಗೆ ಹರಿದುಹೋಗುತ್ತದೆ.

ಜಾಗದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕುಳಿತುಕೊಳ್ಳುವ ಕಡೆಯಿಂದ ಕಾಣಬೇಕು, ಮಲಗುವ ಕೋಣೆಯ ಕಿಟಕಿಯಿಂದ ದೂರವಿರಬೇಕು. ಎಲೆ ಉದುರಿಸುವ ಮರದ ಕೆಳಗೆ ಬೇಡ. ಮನೆಯ ಗೋಡೆಗೆ ಒರಗಿಸಿ ಕಟ್ಟಿದರೆ ಗೋಡೆಗೆ ತೇವ ಏರುತ್ತದೆ. ಮಳೆನೀರು ಹರಿದು ಸೇರುವ ತಗ್ಗಿನಲ್ಲಿ ಮಾಡಿದರೆ ಮಣ್ಣು, ಗೊಬ್ಬರದ ನೀರು ಎಲ್ಲವೂ ತೊಟ್ಟಿಗೆ ಬರುತ್ತವೆ.

ನೀರಿನ ಲೆಕ್ಕ

ಅಂಚಿನ ಪ್ರತಿ ಸೆಂ.ಮೀ. ಅಗಲಕ್ಕೆ ಗಂಟೆಗೆ ಸುಮಾರು 150 ಲೀಟರ್ ನೀರು ಹರಿದರೆ ಅದು ಜಲಪಾತ ಎನ್ನಿಸಿಕೊಳ್ಳುತ್ತದೆ. 60-70 ಲೀಟರ್ ಆದರೆ ಕಲ್ಲಿನ ಮೇಲೆ ಜಿನುಗುತ್ತದೆ, ಅಷ್ಟೆ. 190 ದಾಟಿದರೆ ಭೋರ್ಗರೆತ. ಅಂದರೆ 40 ಸೆಂ.ಮೀ. ಅಗಲದ ಅಂಚಿಗೆ ಗಂಟೆಗೆ 6,000 ಲೀಟರ್ ಬೇಕು. ಅಗಲ ಒಂದು ಮೀಟರ್ ಎಂದರೆ 15,000 ಲೀಟರ್. ಬಹುಪಾಲು ಮನೆಯವರ ಕನಸು ಸ್ವಲ್ಪ ಕಿರಿದಾಗುವುದು ಇಲ್ಲೇ, ಕಿರಿದಾಗುವುದು ಒಳ್ಳೆಯದೇ. ಮೀಟರ್ ಅಗಲದಲ್ಲಿ ಒದ್ದೆ ಗೆರೆಯಂತೆ ಇಳಿಯುವುದಕ್ಕಿಂತ 30 ಸೆಂ.ಮೀ. ಅಗಲದಲ್ಲಿ ತುಂಬಿ ಬೀಳುವುದು ಚೆಂದ.

ಇನ್ನು ಪಂಪಿನ ಡಬ್ಬಿಯ ಮೇಲಿನ ಅಂಕಿ. ಅಲ್ಲಿ ದೊಡ್ಡದಾಗಿ ಬರೆದಿರುವುದು ಶೂನ್ಯ ಎತ್ತರದಲ್ಲಿ ಬರುವ ನೀರು. ಪಕ್ಕದಲ್ಲಿರುವ ‘ಗರಿಷ್ಠ ಹೆಡ್’ ಎಂದರೆ ನೀರು ಏರಿ ನಿಂತೇಬಿಡುವ ಎತ್ತರ, ಅಲ್ಲಿ ಹರಿವು ಸೊನ್ನೆ. ನಮಗೆ ಬೇಕಾದ್ದು ಇವೆರಡರ ನಡುವಿನ ಒಂದು ಬಿಂದು. ಅದು ಪಂಪಿನ ಜೊತೆ ಬರುವ, ಯಾವ ಎತ್ತರಕ್ಕೆ ಎಷ್ಟು ನೀರು ಎಂದು ತೋರಿಸುವ ನಕ್ಷೆಯಲ್ಲಿ ಇರುತ್ತದೆ. ನಕ್ಷೆ ಕೊಡದ ಪಂಪನ್ನು ಕೊಳ್ಳಬೇಡಿ.

ಎತ್ತರವನ್ನು ಪಂಪು ಕುಳಿತ ತಳದಿಂದ ಅಳೆಯಬಾರದು, ಕೆಳಗಿನ ತೊಟ್ಟಿಯ ನೀರಿನ ಮೇಲ್ಮೈಯಿಂದ ಮೇಲಿನ ನೀರಿನ ಮಟ್ಟದವರೆಗೆ ಅಳೆಯಬೇಕು. ಅದು 1.2 ಮೀಟರ್ ಎನ್ನಿ. ಇದಕ್ಕೆ ಪೈಪಿನ ಘರ್ಷಣೆ ಸೇರಿಸಿ. ಸರಿಯಾದ ಗಾತ್ರದ ಪೈಪಾದರೆ ಒಟ್ಟು ಉದ್ದದ ಹತ್ತನೇ ಒಂದು ಭಾಗ ಹಿಡಿದರೆ ಸಾಕು. 6 ಮೀಟರ್ ಪೈಪಿಗೆ 60 ಸೆಂ.ಮೀ. ಒಟ್ಟು 1.8 ಮೀಟರ್. ಆದ್ದರಿಂದ 2 ಮೀಟರ್ ಹೆಡ್‌ನಲ್ಲಿ 6,000 ಲೀಟರ್‌ಗಿಂತ ತುಸು ಹೆಚ್ಚು ಕೊಡುವ ಪಂಪು ಬೇಕು. ಇಂಥದ್ದರ ಡಬ್ಬಿಯ ಮೇಲೆ 9,000-10,000 ಎಂದಿರಬಹುದು, ಗಾಬರಿ ಬೇಡ. ಹೆಚ್ಚಾದ ನೀರನ್ನು ಪಂಪಿನಿಂದ ಹೊರಟ ಪೈಪಿಗೆ ಹಾಕಿದ ವಾಲ್ವ್ ತಿರುಗಿಸಿ ತಗ್ಗಿಸಬಹುದು. ಕಡಿಮೆಯಾದರೆ ಮಾಡುವುದಕ್ಕೆ ಏನೂ ಇಲ್ಲ.

ಪೈಪಿನ ಗಾತ್ರವನ್ನು ಪಂಪಿನ ಮೂತಿ ನೋಡಿ ನಿರ್ಧರಿಸುವುದು ಬಹಳ ಸಾಮಾನ್ಯವಾದ ತಪ್ಪು. ಗಂಟೆಗೆ 6,000 ಲೀಟರ್ ನೀರು 50 ಮಿ.ಮೀ. ಒಳವ್ಯಾಸದ 6 ಮೀಟರ್ ಪೈಪಿನಲ್ಲಿ ಹೋಗುವಾಗ ಘರ್ಷಣೆಗೆ ತೆರುವ ಎತ್ತರ ಸುಮಾರು 10 ಸೆಂ.ಮೀ. ಅದೇ ನೀರನ್ನು 25 ಮಿ.ಮೀ. ಪೈಪಿನಲ್ಲಿ ನೂಕಲು ಎರಡೂವರೆ ಮೀಟರ್‌ಗಿಂತ ಹೆಚ್ಚು ತೆರಬೇಕು, ಜಲಪಾತದ ಎತ್ತರಕ್ಕಿಂತ ಎರಡು ಪಟ್ಟು! ವ್ಯಾಸ ಅರ್ಧವಾದರೆ ಘರ್ಷಣೆ ಸುಮಾರು 30 ಪಟ್ಟು ಏರುತ್ತದೆ. ಗಂಟೆಗೆ 2,600 ಲೀಟರ್‌ವರೆಗೆ 25 ಮಿ.ಮೀ., 6,800ರವರೆಗೆ 40 ಮಿ.ಮೀ., 10,000ದವರೆಗೆ 50 ಮಿ.ಮೀ. ಎಂದು ನೆನಪಿಟ್ಟುಕೊಳ್ಳಿ. ನಡುವೆ ಇದ್ದರೆ ದೊಡ್ಡದನ್ನೇ ಹಾಕಿ. ತಿರುವುಗಳಲ್ಲಿ 90 ಡಿಗ್ರಿಯ ಒಂದು ಎಲ್ಬೋ (ಪೈಪಿನ ಮೂಲೆ ತುಂಡು) ಬದಲು 45 ಡಿಗ್ರಿಯ ಎರಡನ್ನು ಹಾಕಿ. ಪಂಪಿನ ಹತ್ತಿರ ಒಂದು ಯೂನಿಯನ್ (ಬಿಚ್ಚಿ ಮತ್ತೆ ಕೂಡಿಸಬಹುದಾದ ಪೈಪು ಜೋಡಣೆ) ಇರಲಿ, ಇಲ್ಲದಿದ್ದರೆ ಪಂಪು ತೊಳೆಯಲು ಪ್ರತಿ ಬಾರಿ ಪೈಪು ಕತ್ತರಿಸಬೇಕಾಗುತ್ತದೆ.

ದಿನವಿಡೀ ನಡೆಯುವ ಯಂತ್ರ ಇದು. 100 ವ್ಯಾಟ್ ಪಂಪು ಹಗಲು ರಾತ್ರಿ ಓಡಿದರೆ ದಿನಕ್ಕೆ 2.4 ಯೂನಿಟ್. ಸಂಪು ಬರಿದು ಮಾಡುವ ಪಂಪನ್ನು ಇಲ್ಲಿಗೆ ಇಳಿಸುವವರಿದ್ದಾರೆ. ಅದು ಆಗಾಗ ಸ್ವಲ್ಪ ಹೊತ್ತು ಓಡಲೆಂದು ಮಾಡಿದ್ದು, ಸತತ ಓಟಕ್ಕೆ ಬಾಳುವುದಿಲ್ಲ. ಒಳಗೆ ಎಣ್ಣೆ ತುಂಬಿದ ಪಂಪು ಮೀನಿನ ಕೊಳಕ್ಕೆ ಬೇಡವೇ ಬೇಡ. ಸೀಲ್ ಹೋದ ದಿನ ಎಣ್ಣೆ ನೀರಿಗಿಳಿಯುತ್ತದೆ.

ಕೆಳಗಿನ ತೊಟ್ಟಿ

ಪಂಪು ಓಡುವಾಗ ಒಂದಷ್ಟು ನೀರು ಸದಾ ಮೇಲೆ ಇರುತ್ತದೆ, ನಿಲ್ಲಿಸಿದ ಕೂಡಲೇ ಕೆಳಗಿಳಿಯುತ್ತದೆ. ಉದಾಹರಣೆಗೆ, 2 ಮೀಟರ್ ಉದ್ದ, 50 ಸೆಂ.ಮೀ. ಅಗಲ, 4 ಸೆಂ.ಮೀ. ಆಳದ ಹರಿವಿನಲ್ಲಿ 40 ಲೀಟರ್, ಮೇಲ್ತುದಿಯ ಸಣ್ಣ ತೊಟ್ಟಿಯಲ್ಲಿ 50, ಪೈಪಿನಲ್ಲಿ 12. ಒಟ್ಟು ನೂರರ ಹತ್ತಿರ. ಕೆಳಗಿನ ತೊಟ್ಟಿಯಲ್ಲಿ ಇದರ ಮೂರು ಪಟ್ಟು, ಅಂದರೆ 300 ಲೀಟರ್ ನೀರು ಹಿಡಿಯಬೇಕು. ಇಲ್ಲದಿದ್ದರೆ ಪಂಪು ಹಾಕಿದ ಕೂಡಲೇ ಮಟ್ಟ ಕುಸಿದು ಅದು ಗಾಳಿ ಎಳೆಯತೊಡಗುತ್ತದೆ, ನಿಲ್ಲಿಸಿದಾಗ ತೊಟ್ಟಿ ಉಕ್ಕುತ್ತದೆ.

ಕೊಳವಿಲ್ಲದ ಜಲಪಾತದಲ್ಲಿ ಇನ್ನೊಂದು ಮೋಸವಿದೆ. ಗುಂಡಿಗೆ ಜಲ್ಲಿ ತುಂಬಿದ ಮೇಲೆ ಅದರ ಸಂದಿಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ, ಹೆಚ್ಚೆಂದರೆ ಶೇ. 40ರಷ್ಟು. 300 ಲೀಟರ್ ನೀರಿಗೆ 750 ಲೀಟರ್ ಗುಂಡಿ ತೋಡಬೇಕು: 1.25 ಮೀಟರ್ ಉದ್ದ, 1 ಮೀಟರ್ ಅಗಲ, 60 ಸೆಂ.ಮೀ. ಆಳ. ಸಣ್ಣ ಜಲ್ಲಿ ಬೇಡ, ಹೂಳು ಕಟ್ಟುತ್ತದೆ. 40-60 ಮಿ.ಮೀ. ಗಾತ್ರದ ತೊಳೆದ ಉರುಟುಗಲ್ಲು ಇರಲಿ. ಪಂಪನ್ನು ಜಲ್ಲಿಯಲ್ಲಿ ಹೂಳದೆ, ಸುತ್ತಲೂ ತೂತಿರುವ ಮುಚ್ಚಳದ ಡಬ್ಬದೊಳಗೆ ಇಡಿ. ಮುಚ್ಚಳ ತೆಗೆದು ಪಂಪನ್ನು ಎತ್ತಿಕೊಳ್ಳುವಂತಿರಬೇಕು.

ದಿಬ್ಬ, ಲೈನರ್, ಕಲ್ಲು

ಗುಂಡಿಯಿಂದ ತೆಗೆದ ಮಣ್ಣನ್ನೇ ದಿಬ್ಬಕ್ಕೆ ಬಳಸಬಹುದು, ಆದರೆ ರಾಶಿ ಸುರಿದು ಮೇಲೆ ಕಲ್ಲಿಟ್ಟರೆ ಕೆಲವೇ ಮಳೆಗೆ ಕುಸಿಯುತ್ತದೆ. 15 ಸೆಂ.ಮೀ. ಪದರ ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹೊಡೆದು, ಆಮೇಲೆ ಮುಂದಿನ ಪದರ. ಗ್ರಾನೈಟಿನ 60×40×5 ಸೆಂ.ಮೀ. ಚಪ್ಪಡಿಯೇ 32 ಕೆ.ಜಿ. ತೂಗುತ್ತದೆ. ಇಂಥ ಹತ್ತಾರು ಕಲ್ಲು ಕೂರುವ ಕಡೆ 10 ಸೆಂ.ಮೀ. ಕಾಂಕ್ರೀಟು ಹಾಕಿಸುವುದು ಕ್ಷೇಮ.

ಲೈನರ್, ಅಂದರೆ ನೀರು ಮಣ್ಣಿಗೆ ಇಂಗದಂತೆ ಅಡಿಗೆ ಹಾಸುವ ಹಾಳೆ. ಅದಕ್ಕೆ ನಮ್ಮ ಆಯ್ಕೆ 1 ಮಿ.ಮೀ. ದಪ್ಪದ ಇಪಿಡಿಎಂ ರಬ್ಬರು. ತೆಳು ಪ್ಲಾಸ್ಟಿಕ್ ಹಾಳೆ ಮಡಿಕೆಗಳಲ್ಲಿ ಸೀಳುತ್ತದೆ, ಬಿಸಿಲು ತಾಗಿದ ಕಡೆ ಗಡುಸಾಗುತ್ತದೆ. ಅಳತೆ ಹೀಗೆ: ಉದ್ದಕ್ಕೆ ಆಳದ ಎರಡು ಪಟ್ಟು ಸೇರಿಸಿ, ಅಂಚಿಗೆಂದು ಇನ್ನೂ 60 ಸೆಂ.ಮೀ. ಸೇರಿಸಿ. ಅಗಲಕ್ಕೂ ಹಾಗೆಯೇ. ಕೆಳಗೆ ಲೈನರ್ ತೂತಾಗದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ದೊಡ್ಡ ಕಲ್ಲು ಕೂರುವಲ್ಲಿ ಲೈನರ್‌ನ ಮೇಲೂ ಒಂದು ಪದರ. ದಿಬ್ಬಕ್ಕೂ ತೊಟ್ಟಿಗೂ ಒಂದೇ ತುಂಡು ಸಿಗದಿದ್ದರೆ ಹೆಂಚು ಹೊದಿಸಿದಂತೆ ಮೇಲಿನದು ಕೆಳಗಿನದರ ಮೇಲೆ ಕನಿಷ್ಠ 30 ಸೆಂ.ಮೀ. ಬರಬೇಕು. ಅಂಚಿನಲ್ಲಿ ಉಳಿದ ಲೈನರ್ ಕಣ್ಣಿಗೆ ಕೆಟ್ಟದಾಗಿ ಕಾಣುತ್ತದೆಂದು ಅಂದೇ ಕತ್ತರಿಸಬೇಡಿ. ಎರಡು ವಾರ ನೀರು ಓಡಲಿ, ಕಲ್ಲು ಕೂರಲಿ.

ಪೈಪಿನಿಂದ ಚಿಮ್ಮುವ ನೀರನ್ನು ನೇರವಾಗಿ ಅಂಚಿಗೆ ಬಿಟ್ಟರೆ ಅದು ಒಂದು ಕಡೆ ಪಿಚಕಾರಿಯಾಗುತ್ತದೆ. ಮೇಲೆ 25-30 ಸೆಂ.ಮೀ. ಆಳದ ಚಿಕ್ಕ ತೊಟ್ಟಿ ಮಾಡಿ, ಪೈಪನ್ನು ಅದರ ತಳದಲ್ಲಿ ಬಿಡಿ. ನೀರು ಶಾಂತವಾಗಿ ಏರಿ ಅಂಚಿನ ಅಗಲಕ್ಕೂ ಸಮನಾಗಿ ಉಕ್ಕುತ್ತದೆ.

ಅಂಚುಗಲ್ಲಿಗೆ ಅರ್ಧ ದಿನ ಕೊಟ್ಟರೂ ನಷ್ಟವಿಲ್ಲ. ಎಡದಿಂದ ಬಲಕ್ಕೆ ರಸಮಟ್ಟದಲ್ಲಿ ಗುಳ್ಳೆ ನಟ್ಟನಡುವೆ ಇರಬೇಕು. ಹಿಂದಿನಿಂದ ಮುಂದಕ್ಕೆ ಮಾತ್ರ ಕೂದಲೆಳೆಯಷ್ಟು ಇಳಿಜಾರು. ಕಲ್ಲು ಕೆಳಗಿನ ಗೋಡೆಗಿಂತ 5-8 ಸೆಂ.ಮೀ. ಮುಂದೆ ಚಾಚಿರಬೇಕು. ಚಾಚದಿದ್ದರೆ ತೆಳುವಾದ ನೀರು ಕಲ್ಲಿನ ಅಡಿಗೆ ಅಂಟಿಕೊಂಡು ಹಿಂದಕ್ಕೆ ಹೋಗಿ ಗೋಡೆಯ ಮೈಮೇಲೆ ಜಾರುತ್ತದೆ. ಕಲ್ಲಿನ ಅಡಿಯಲ್ಲಿ ಅಂಚಿನಿಂದ ಎರಡು ಸೆಂ.ಮೀ. ಹಿಂದೆ ಒಂದು ಗೀರು ಕೊಯ್ಸಿದರೆ ನೀರು ಅಲ್ಲೇ ಕಡಿದು ಬೀಳುತ್ತದೆ. ಎರಡೂ ಬದಿಯ ಕಲ್ಲುಗಳು ಅಂಚಿಗಿಂತ 8-10 ಸೆಂ.ಮೀ. ಎತ್ತರವಿರಲಿ. ಆ ಕಲ್ಲುಗಳ ಹಿಂದೆ ಲೈನರ್ ಕೂಡ ಅಷ್ಟೇ ಎತ್ತರಕ್ಕೆ ಎದ್ದಿರಲೇಬೇಕು.

ಕಲ್ಲುಗಳನ್ನು ಮೊದಲು ಹಾಗೇ ಜೋಡಿಸಿ, ನಲ್ಲಿಯ ಪೈಪಿನಿಂದ ನೀರು ಬಿಟ್ಟು ನೋಡಿ. ನೀರು ಕಲ್ಲಿನ ಮೇಲಲ್ಲ, ಸಂದಿಯಲ್ಲಿ ಹೋಗುತ್ತಿರುವುದು ಆಗಲೇ ಕಾಣುತ್ತದೆ. ಸದ್ದನ್ನೂ ಈಗಲೇ ಕೇಳಿಕೊಳ್ಳಿ. ಚಪ್ಪಟೆ ಕಲ್ಲಿಗೆ ಬಿದ್ದರೆ ಚಟಪಟ, ಆಳದ ನೀರಿಗೆ ಬಿದ್ದರೆ ಗಂಭೀರ ಸದ್ದು, ಹಿಂದೆ ಪೊಳ್ಳಿದ್ದರೆ ಇನ್ನಷ್ಟು ಮೊಳಗು. ಒಂದೇ ಮೀಟರಿನ ಜಿಗಿತಕ್ಕಿಂತ 15-30 ಸೆಂ.ಮೀ. ಎತ್ತರದ ಮೂರು ನಾಲ್ಕು ಮೆಟ್ಟಿಲು ಕಿವಿಗೆ ಹಿತ. ಒಪ್ಪಿಗೆಯಾದ ಮೇಲೆ ಸಂದಿಗಳಿಗೆ ಕಪ್ಪು ಪಾಲಿಯುರೆಥೇನ್ ಫೋಮ್ ತುಂಬಿ, ಅದು ಹಸಿಯಿರುವಾಗಲೇ ಮೇಲೆ ಮರಳು ಉದುರಿಸಿ. ಫೋಮ್ ಉಬ್ಬುವುದರಿಂದ ಹಗುರ ಕಲ್ಲುಗಳ ಮೇಲೆ ತೂಕವಿಡಿ. ಒಂದು ದಿನ ನೀರು ಬೇಡ. ಫೋಮ್ ಬದಲು ಸಿಮೆಂಟು ಗಾರೆ ಬಳಸಿದರೆ ಅದರ ಸುಣ್ಣ ನೀರನ್ನು ಕ್ಷಾರೀಯ ಮಾಡುತ್ತದೆ. ಹಲವು ಸಲ ನೀರು ತುಂಬಿಸಿ ಚೆಲ್ಲಿ, ಪಿಎಚ್ ಪಟ್ಟಿಯಿಂದ ಪರೀಕ್ಷಿಸಿ, ಆಮೇಲೆ ಮೀನು ಬಿಡಿ.

ನೀರು ಬೀಳುವ ಎತ್ತರದಷ್ಟಾದರೂ ದೂರ ಮುಂದಕ್ಕೆ ತೊಟ್ಟಿ ಇಲ್ಲವೇ ಲೈನರ್ ಹಾಸಿರಬೇಕು. ಹನಿ ಅಷ್ಟು ದೂರ ಸಿಡಿಯುತ್ತದೆ, ಗಾಳಿ ಬೀಸಿದರೆ ಇನ್ನೂ ಆಚೆಗೆ.

ಕರೆಂಟು

ಈ ಭಾಗವನ್ನು ಎಲೆಕ್ಟ್ರೀಷಿಯನ್ ಕೈಯಲ್ಲೇ ಮಾಡಿಸಿ. ಕರೆಂಟು ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್, ನೀರು ಹೊಗದ ಹೊರಾಂಗಣ ಸಾಕೆಟ್ ಈ ಮೂರರಲ್ಲಿ ಯಾವುದನ್ನೂ ಬಿಡುವಂತಿಲ್ಲ. ವೈರಿಗೆ ನೀರೊಳಗೆ ಜೋಡಣೆ ಇರಕೂಡದು. ಸಾಕೆಟ್ಟಿಗೆ ಹೋಗುವ ಮುನ್ನ ವೈರು ಒಮ್ಮೆ ಕೆಳಗೆ ಬಾಗಿ ಮೇಲೇರಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ನೀರಿಗೆ ಕೈ ಹಾಕುವ ಮುಂಚೆ ಸ್ವಿಚ್ ಆರಿಸುವುದಷ್ಟೇ ಅಲ್ಲ, ಪ್ಲಗ್ ಕೀಳಿ. ಪಂಪನ್ನು ವೈರು ಹಿಡಿದು ಎತ್ತಬೇಡಿ. ನೀರು ತಗ್ಗಿದಾಗ ತಾನೇ ನಿಲ್ಲುವಂತೆ ಫ್ಲೋಟ್ ಸ್ವಿಚ್ ಹಾಕಿಸಿದರೆ ಪಂಪು ಒಣಗಿ ಸುಡುವುದು ತಪ್ಪುತ್ತದೆ.

ನೀರು ಕಡಿಮೆಯಾಗುತ್ತಿದ್ದರೆ

ಬರುವ ದೂರುಗಳಲ್ಲಿ ಇದೇ ಹೆಚ್ಚು. ಲೈನರ್ ತೂತಾಗಿದೆ ಎಂದು ಎಲ್ಲ ಕಲ್ಲು ಕೀಳಿಸುವ ಮುನ್ನ ಪಂಪು ನಿಲ್ಲಿಸಿ, ಮೇಲಿನ ನೀರು ಇಳಿದ ಮೇಲೆ ತೊಟ್ಟಿಯ ಮಟ್ಟಕ್ಕೆ ಗುರುತು ಹಾಕಿ, 24 ಗಂಟೆ ಬಿಡಿ. ಪಕ್ಕದಲ್ಲೇ ಒಂದು ಬಕೆಟ್ ನೀರನ್ನು ಗುರುತು ಹಾಕಿ ಇಡಿ. ತೆರೆದ ಕೊಳದಲ್ಲಿ ಎರಡೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಅದು ಆವಿಯಾದ ನೀರು, ಸೋರಿಕೆಯಲ್ಲ. ಜಲ್ಲಿ ಮುಚ್ಚಿದ ತೊಟ್ಟಿಯಾದರೆ ಮಟ್ಟ ಬಹುತೇಕ ಇದ್ದಲ್ಲೇ ಇರಬೇಕು. ತೊಟ್ಟಿ ಸರಿಯಾಗಿದ್ದು, ಪಂಪು ಓಡಿದಾಗ ಮಾತ್ರ ನೀರು ಹೋಗುತ್ತಿದ್ದರೆ ದೋಷ ಮೇಲೆ ಇದೆ: ಕುಸಿದ ಅಂಚು, ಸಿಡಿತ, ಪೈಪಿನ ಜೋಡಣೆ, ಇಲ್ಲವೇ ಲೈನರ್ ದಾಟಿ ಬೆಳೆದ ಪಾಚಿ, ಹುಲ್ಲು. ಹುಲ್ಲಿನ ಬೇರು ಅಂಚಿನಾಚೆಗೆ ಚಾಚಿದರೆ ನೀರನ್ನು ಬತ್ತಿ ಎಳೆದಂತೆ ಎಳೆದು ಮಣ್ಣಿಗೆ ಕೊಡುತ್ತದೆ. ದಿಬ್ಬದ ಸುತ್ತ ಒಣಗಿರಬೇಕಾದ ಮಣ್ಣನ್ನು ಕೈಯಿಂದ ಮುಟ್ಟುತ್ತ ಬನ್ನಿ. ಒದ್ದೆ ಸಿಕ್ಕಲ್ಲಿ ಕಲ್ಲು ಸರಿಸಿ ಲೈನರ್ ಎತ್ತಿ ಕಟ್ಟಿದರೆ ಹೆಚ್ಚಿನ ಸಲ ಕೆಲಸ ಮುಗಿಯಿತು. ತೊಟ್ಟಿಯ ನೀರೇ ಇಳಿಯುತ್ತಿದ್ದರೆ ಅದು ತಾನಾಗಿ ನಿಲ್ಲುವವರೆಗೆ ಬಿಡಿ. ನಿಂತ ಮಟ್ಟದಲ್ಲೇ ಸುತ್ತ ಹುಡುಕಿದರೆ ತೂತು ಸಿಗುತ್ತದೆ.

ಹರಿಯುವ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುವುದು ಕಡಿಮೆ, ಆದರೆ ಪಂಪು ವಾರಗಟ್ಟಲೆ ನಿಂತರೆ ಕಲ್ಲಿನ ಗುಳಿಗಳಲ್ಲಿ ನಿಂತ ನೀರು ಸಾಕು. ಮೊಟ್ಟೆ ಸೊಳ್ಳೆಯಾಗಲು ಬೆಚ್ಚಗಿನ ಹವೆಯಲ್ಲಿ ಒಂದೂವರೆ ವಾರವೂ ಬೇಡ. ಗಡಸು ನೀರಾದರೆ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಮಳೆನೀರು ತುಂಬಿದರೆ ಅದು ತಡವಾಗಿ ಬರುತ್ತದೆ. ಹರಿವು ನಿಧಾನವಾಗಿ ತಗ್ಗುತ್ತಾ ಬಂದರೆ ಪಂಪು ಮುಗಿಯಿತೆಂದು ಹೊಸದು ತರಬೇಡಿ. ಹೊರತೆಗೆದು ಜಾಲರಿ ತೊಳೆದು, ಒಳಗಿನ ನೀರು ನೂಕುವ ಚಕ್ರವನ್ನು ಒಂದೆರಡು ಗಂಟೆ ವಿನೆಗರ್‌ನಲ್ಲಿ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ಹಾಕಿದರೆ ಬಹುತೇಕ ಮೊದಲಿನಂತೆ ಓಡುತ್ತದೆ. ಮೂರು ತಿಂಗಳಿಗೊಮ್ಮೆ ಇಷ್ಟು ಮಾಡಿ. ಎಲೆ ಉದುರುವ ಕಾಲದಲ್ಲಿ ಮಾತ್ರ ಜಾಲರಿಯನ್ನು ವಾರಕ್ಕೊಮ್ಮೆ ನೋಡಬೇಕು.