ಕಾರಿನ ಕಿಟಕಿ ಗಾಜು ಮತ್ತು ಅಜ್ಜನ ಮಸೆಹಲಗೆ

ಕಾರವಾರದ ಟಾಗೋರ್ ಕಡಲತೀರದ ಪಕ್ಕದ ರಸ್ತೆಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಕಾರು ನಿಲ್ಲಿಸಿ, ಸಮುದ್ರದ ಕಡೆಗಿರುವ ಬಾಗಿಲ ಗಾಜಿನ ಮೂಲಕ ಪಡುವಣಕ್ಕೆ ನೋಡಿದರೆ ಆ ಗಾಜಿನ ಇಡೀ ಚರಿತ್ರೆ ಕಣ್ಣಿಗೆ ಬೀಳುತ್ತದೆ. ಮಧ್ಯಾಹ್ನ ಕಾಣದಿದ್ದ ಗೀರುಗಳು ಓರೆ ಬಿಸಿಲಿಗೆ ಒಂದೊಂದಾಗಿ ಹೊಳೆಯತೊಡಗುತ್ತವೆ. ನನ್ನ ಕಾರಿನ ಎಡಬದಿಯ ಮುಂದಿನ ಗಾಜಿನಲ್ಲಿ ಹಾಗೆ ಎಣಿಸಿದಾಗ ಸಿಕ್ಕಿದ್ದು ಹನ್ನೊಂದು ಗೆರೆಗಳು. ಎಲ್ಲವೂ ಮೇಲಿನಿಂದ ಕೆಳಕ್ಕೆ, ಪಟ್ಟಿಯಿಟ್ಟು ಎಳೆದಂತೆ ಸಮಾನಾಂತರವಾಗಿದ್ದವು. ಅಡ್ಡ ಗೆರೆ ಒಂದೂ ಇರಲಿಲ್ಲ. ಕಿಡಿಗೇಡಿ ಹುಡುಗರ ಮೊಳೆಯಾಗಲಿ, ತಾಗಿದ ಮರದ ಕೊಂಬೆಯಾಗಲಿ ಇಷ್ಟು ಶಿಸ್ತಿನಿಂದ ಗೀರುವುದಿಲ್ಲ. ಗಾಜು ಇಳಿದು ಏರುವ ದಾರಿಯಲ್ಲೇ ಯಾವುದೋ ಒಂದು ವಸ್ತು ಕುಳಿತು, ಪ್ರತಿ ಸಲವೂ ಅದೇ ಜಾಗದಲ್ಲಿ ಗಾಜನ್ನು ಕೆರೆಯುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಗೆರೆಗಳನ್ನು ಗ್ಯಾರೇಜಿನವರಿಗೆ ತೋರಿಸಿದಾಗ, “ಸಮುದ್ರದ ಬದಿಗೆ ಇದು ಇದ್ದದ್ದೇ ಸರ್, ಉಪ್ಪುಗಾಳಿ ಗಾಜನ್ನ ತಿಂತದೆ” ಎಂದರು. ಈ ಮಾತನ್ನು ಮಾಜಾಳಿಯಿಂದ ಭಟ್ಕಳದವರೆಗೆ ಎಲ್ಲ ಕಡೆಯೂ ಕೇಳಿದ್ದೇನೆ. ಉಪ್ಪು ಕಬ್ಬಿಣವನ್ನು ತಿನ್ನುವುದು ನಿಜ, ಬಾಗಿಲೊಳಗಿನ ತಗಡು ಮತ್ತು ಗಾಜನ್ನು ಎತ್ತುವ ಯಂತ್ರ ಅದರಿಂದ ಕೆಡುವುದೂ ನಿಜ. ಆದರೆ ಗಾಜನ್ನು ಗೀರುವ ಶಕ್ತಿ ಉಪ್ಪಿಗೆ ಇಲ್ಲವೇ ಇಲ್ಲ. ಇದನ್ನು ತಿಳಿಯಲು ಪ್ರಯೋಗಾಲಯವೂ ಬೇಡ, ಇನ್ನೂರು ವರ್ಷ ಹಳೆಯದಾದ ಒಂದು ಸರಳ ವಿಚಾರ ಸಾಕು.

1812ರಲ್ಲಿ ಜರ್ಮನಿಯ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ ಕಲ್ಲುಗಳನ್ನು ಅವುಗಳ ಗಟ್ಟಿತನದ ಪ್ರಕಾರ ಸಾಲಾಗಿ ನಿಲ್ಲಿಸಿದ. ಅವನು ಬಳಸಿದ ಉಪಕರಣ ಇನ್ನೊಂದು ಕಲ್ಲು, ಅಷ್ಟೇ. ಒಂದು ಕಲ್ಲು ಮತ್ತೊಂದನ್ನು ಗೀರಿದರೆ ಗೀರಿದ್ದು ಹೆಚ್ಚು ಗಟ್ಟಿ, ಗೀರಿಸಿಕೊಂಡದ್ದು ಕಡಿಮೆ ಗಟ್ಟಿ. ಹೀಗೆ ಅತಿ ಮೆದುವಾದ ಬಳಪದ ಕಲ್ಲಿಗೆ 1, ವಜ್ರಕ್ಕೆ 10 ಎಂದು ಅಂಕ ಕೊಟ್ಟ. ಈ ಮಾಪಕದಲ್ಲಿ ನಮ್ಮ ಉಗುರು ಸುಮಾರು 2.5, ತಾಮ್ರ 3, ಕಿಟಕಿ ಗಾಜು ಸುಮಾರು 5.5. ಸಮುದ್ರದ ಉಪ್ಪು 2.5ನ್ನು ದಾಟುವುದಿಲ್ಲ. ಅಘನಾಶಿನಿ ನದಿಯ ಬಳಚಿನ (ಕಪ್ಪೆಚಿಪ್ಪಿನ ಜಾತಿಯ ಜೀವಿಯ) ಚಿಪ್ಪು 3ರಿಂದ 4ರೊಳಗೆ ಮುಗಿಯುತ್ತದೆ. ಅಂದರೆ ಒಂದು ಚೀಲ ಉಪ್ಪನ್ನು ಗಾಜಿಗೆ ಉಜ್ಜಿದರೂ ಸವೆಯುವುದು ಉಪ್ಪೇ. ಉಪ್ಪಿನದ್ದೊಂದು ಪರೋಕ್ಷ ತಪ್ಪು ಮಾತ್ರ ಇದೆ: ಅದು ಗಾಳಿಯ ತೇವವನ್ನು ಹೀರಿ ಗಾಜಿನ ಮೇಲೆ ಅಂಟಂಟಾದ ಪದರವಾಗಿ ನಿಂತು, ಹಾರಿ ಬಂದ ಧೂಳನ್ನು ಬಿಡದೆ ಹಿಡಿದಿಡುತ್ತದೆ.

ಗೀರುವುದು ಹೊಯ್ಗೆ, ಅಂದರೆ ಮರಳು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಘಟ್ಟದ ಕಲ್ಲನ್ನು ಒಡೆದು, ಉರುಳಿಸಿ ಸಮುದ್ರಕ್ಕೆ ತರುವಾಗ ಆ ಕಲ್ಲಿನಲ್ಲಿದ್ದ ಫೆಲ್ಡ್‌ಸ್ಪಾರ್ ಎಂಬ ಖನಿಜ ದಾರಿಯಲ್ಲೇ ಕೊಳೆತು ಜೇಡಿಯಾಗುತ್ತದೆ, ಅಭ್ರಕ ಹಾಳೆ ಹಾಳೆಯಾಗಿ ತೇಲಿಹೋಗುತ್ತದೆ. ಯಾವುದಕ್ಕೂ ಜಗ್ಗದೆ ಕೊನೆಯವರೆಗೆ ಉಳಿಯುವುದು ಬೆಣಚುಕಲ್ಲಿನ (ಕ್ವಾರ್ಟ್ಜ್) ಕಣ. ದೇವಬಾಗದಲ್ಲಿ ನಾವು ಬರಿಗಾಲಲ್ಲಿ ತುಳಿಯುವ ಹೊಯ್ಗೆಯ ಬಹುಪಾಲು ಅದೇ, ಮತ್ತು ಅದರ ಗಟ್ಟಿತನ 7. ಗಾಜನ್ನು ಮಾಡುವುದೂ ಹೊಯ್ಗೆಯಿಂದಲೇ, ಅದರಲ್ಲಿ ಶೇಕಡಾ 70ಕ್ಕೂ ಹೆಚ್ಚು ಸಿಲಿಕಾ ಇದೆ, ಹಾಗಿದ್ದ ಮೇಲೆ ತನ್ನ ಮೂಲವಸ್ತುವಿಗೇ ಗಾಜು ಸೋಲುವುದೇಕೆ ಎಂದು ಕೇಳಬಹುದು. ಶುದ್ಧ ಹೊಯ್ಗೆ ಕರಗಬೇಕಾದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಉರಿಯ ಖರ್ಚು ತಪ್ಪಿಸಲು ಸೋಡಾ ಮತ್ತು ಸುಣ್ಣ ಬೆರೆಸುತ್ತಾರೆ. ಬೆಣಚುಕಲ್ಲಿನೊಳಗೆ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ನಾಲ್ಕೂ ಕಡೆ ಕೈಕೈ ಹಿಡಿದು ನಿಂತಿರುತ್ತವೆ. ಸೋಡಾ ಆ ಕೈಗಳನ್ನು ಅಲ್ಲಲ್ಲಿ ಬಿಡಿಸುತ್ತದೆ. ಗಾಜು ಸುಲಭವಾಗಿ ಕರಗುತ್ತದೆ, ಸುಲಭವಾಗಿ ಗೀರಿಸಿಕೊಳ್ಳುತ್ತದೆ. ಎರಡಕ್ಕೂ ಕಾರಣ ಒಂದೇ.

ಘಟ್ಟದ ಮೇಲೆ, ಶಿರಸಿ ಕಡೆಯವರಿಗೆ ಕಡಲ ಹೊಯ್ಗೆ ದೂರವಾದರೂ ಚಿರೆಕಲ್ಲಿನ ಕೆಂಪು ಧೂಳು ಇದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಈ ಕಲ್ಲಿಗೆ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟದ್ದು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ವೃತ್ತಾಂತದಲ್ಲಿ. ಕೇರಳದ ಅಂಗಾಡಿಪುರದಲ್ಲಿ ಅದನ್ನು ವಿವರವಾಗಿ ಗಮನಿಸಿದ ಅವನು ಅದೇ ಪ್ರವಾಸದಲ್ಲಿ 1801ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೂ ಹಾದುಹೋಗಿದ್ದ. ಈ ಕೆಂಪು ಧೂಳಿನ ಜೇಡಿಯ ಅಂಶ ನಿರಪಾಯಕಾರಿ. ಅದರ ಕಬ್ಬಿಣದ ಆಕ್ಸೈಡ್ 5ರಿಂದ 6.5ರವರೆಗೆ ಗಟ್ಟಿಯಿರುವುದರಿಂದ ಗಾಜಿಗೆ ಸರಿಸಮಾನ. ಕೊಳೆಯದೆ ಉಳಿದ ಬೆಣಚಿನ ಚೂರುಗಳೂ ಅದರಲ್ಲಿ ಬೆರೆತಿರುವುದುಂಟು.

ಆದರೂ ಇಷ್ಟರಿಂದ ಗೀರಿನ ಗುಟ್ಟು ಬಿಡಿಸಿದಂತಾಗುವುದಿಲ್ಲ. ಧೂಳು ಗಾಜಿನ ಎಲ್ಲ ಭಾಗದ ಮೇಲೂ ಕೂರುತ್ತದೆ, ಗಾಳಿಗೆ ಹಾರಿಯೂ ಹೋಗುತ್ತದೆ. ಸಡಿಲವಾದ ಕಣ ಉರುಳುತ್ತದೆಯೇ ಹೊರತು ಉಳುವುದಿಲ್ಲ. ನೇಗಿಲಿನಂತೆ ಉಳಬೇಕಾದರೆ ಕಣವನ್ನು ಯಾರಾದರೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಆ ಹಿಡಿಯುವ ಕೆಲಸ ಮಾಡುವುದು ಬಾಗಿಲ ಅಂಚಿನಲ್ಲಿ ಗಾಜಿನ ಒಳಗೂ ಹೊರಗೂ ಒತ್ತಿಕೊಂಡಿರುವ ರಬ್ಬರ್ ಬೀಡಿಂಗ್. ಅದರ ಗಾಜಿಗೆ ತಾಗುವ ಮುಖಕ್ಕೆ ಮಖಮಲ್ಲಿನಂಥ ಸಣ್ಣ ನೈಲಾನ್ ಎಳೆಗಳನ್ನು ಅಂಟಿಸಿರುತ್ತಾರೆ. ಮುಟ್ಟಿದರೆ ಬೆಕ್ಕಿನ ಕಿವಿಯಷ್ಟು ಮೆತ್ತಗಿರುವ ಈ ಪಟ್ಟಿಯೇ ಗಾಜನ್ನು ಗೀರುತ್ತದೆ ಎಂದರೆ ಯಾರೂ ಒಪ್ಪುವುದಿಲ್ಲ. ನಾನೂ ಒಪ್ಪುತ್ತಿರಲಿಲ್ಲ, ಅಜ್ಜನ ಮನೆಯ ಮಸೆಹಲಗೆ ನೆನಪಾಗದೇ ಹೋಗಿದ್ದರೆ.

ಶಿರಸಿ ಸೀಮೆಯ ಆ ಮನೆಯ ಹಿತ್ತಿಲ ಕಟ್ಟೆಯ ಮೇಲೆ, ನಡುವೆ ದೋಣಿಯಂತೆ ಸವೆದ ಒಂದು ಮರದ ಹಲಗೆ ಇತ್ತು. ಸೊಪ್ಪಿಗೆ ಹೊರಡುವ ಮೊದಲು ಅಜ್ಜ ಬೆಣಚುಕಲ್ಲಿನ ಬಿಳಿ ಪುಡಿಯನ್ನು ಅದರ ಮೇಲೆ ಉದುರಿಸಿ ಕತ್ತಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದರು. ಗೆರಟೆಯಲ್ಲಿ ಪುಡಿ ಹಿಡಿದು ನಿಲ್ಲುವುದು ನನ್ನ ಕೆಲಸ. “ಪುಡಿ ಸಾಲ್ತಿಲ್ಲೆ ತಮಾ, ಇನ್ನೊಂಚೂರು ಹಾಕು” ಎಂದಾಗ ಒಂದು ಚಿಟಿಕೆ ಹಾಕಬೇಕಿತ್ತು. ಮರ ಉಕ್ಕಿಗಿಂತ ಎಷ್ಟೋ ಮೆದು. ಹಾಗಿದ್ದರೂ ಹರಿತವಾಗಿ ಸವೆಯುತ್ತಿದ್ದದ್ದು ಉಕ್ಕಿನ ಕತ್ತಿ. ಉಕ್ಕು ಮತ್ತು ಮರದ ನಡುವೆ ಸಿಕ್ಕ ಬೆಣಚಿನ ಕಣ ಎರಡನ್ನೂ ಒತ್ತುತ್ತದೆ, ಆದರೆ ಮೆದುವಾದ ಮರದೊಳಕ್ಕೇ ಹೆಚ್ಚು ಹೂತುಕೊಳ್ಳುತ್ತದೆ. ಹೂತ ಮೇಲೆ ಅದು ಉರುಳಲಾರದು, ಒಸಡಿನಲ್ಲಿ ಕುಳಿತ ಹಲ್ಲಿನಂತೆ ಭದ್ರವಾಗಿ ನಿಂತು, ಎದುರಿಗೆ ಜಾರುವ ಗಟ್ಟಿ ವಸ್ತುವನ್ನು ಕೆರೆಯುತ್ತದೆ. ಮರ ಬರಿಯ ಒಸಡು, ಕಚ್ಚುವುದು ಬೆಣಚು.

ವಜ್ರಕ್ಕೆ ಸಾಣೆ ಹಿಡಿಯುವವರದ್ದೂ ಇದೇ ಉಪಾಯ: ವಜ್ರಕ್ಕಿಂತ ಎಷ್ಟೋ ಮೆದುವಾದ ಎರಕದ ಕಬ್ಬಿಣದ ಚಕ್ರಕ್ಕೆ ವಜ್ರದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತಾರೆ, ಪುಡಿ ಕಬ್ಬಿಣದಲ್ಲಿ ಕಚ್ಚಿಕೊಂಡು ವಜ್ರವನ್ನೇ ಸವೆಸುತ್ತದೆ. ಎಂಜಿನ್ನಿನೊಳಗೆ ಕಸ ಸೇರಿದಾಗ ಮೆದುಲೋಹದ ಬೇರಿಂಗ್ ಆ ಕಸವನ್ನು ನುಂಗಿ ಕುಳಿತುಕೊಂಡು, ಅದರೊಳಗೆ ತಿರುಗುವ ಗಟ್ಟಿ ಉಕ್ಕಿನ ದಂಡಕ್ಕೆ ಗೆರೆ ಹಾಕುವುದನ್ನೂ ಮೆಕ್ಯಾನಿಕ್‌ಗಳು ಬಲ್ಲರು. ಕಿಟಕಿಯ ಬೀಡಿಂಗಿನ ಎಳೆಗಳು ಹುಲ್ಲುಗಾವಲಿನಂತೆ ಕಣವನ್ನು ಬುಡದಲ್ಲಿ ಸಿಕ್ಕಿಸಿಕೊಳ್ಳುತ್ತವೆ, ಹಿಂದಿನ ರಬ್ಬರ್ ಅದನ್ನು ಸ್ಪ್ರಿಂಗಿನಂತೆ ಗಾಜಿಗೆ ಒತ್ತುತ್ತಲೇ ಇರುತ್ತದೆ. ಮೀನು ಪೇಟೆಯ ಎದುರು ಬಂಗಡೆಯ ದರ ಕೇಳಲು ಗಾಜು ಇಳಿಸಿದಾಗ ಒಂದು ಗೀಟು, ಏರಿಸಿದಾಗ ಇನ್ನೊಂದು ಗೀಟು. ದಿನಕ್ಕೆ ಹತ್ತು ಸಲ ಇಳಿಸಿ ಏರಿಸಿದರೆ ವರ್ಷಕ್ಕೆ ಏಳು ಸಾವಿರಕ್ಕೂ ಮೀರಿ ಅದೇ ಗೆರೆಯ ಮೇಲೆ ಅದೇ ಕಣ ಓಡಾಡಿರುತ್ತದೆ.

ಇದು ಅರ್ಥವಾದರೆ ಊರಲ್ಲಿ ಚಾಲ್ತಿಯಲ್ಲಿರುವ ಮದ್ದುಗಳ ತಪ್ಪು ತಾನಾಗಿ ತಿಳಿಯುತ್ತದೆ. ಗಾಜು ಬಿಗಿಯಾಗಿ ಓಡುತ್ತದೆಂದು ಬೀಡಿಂಗಿಗೆ ತೆಂಗಿನೆಣ್ಣೆಯನ್ನೋ ಗ್ರೀಸನ್ನೋ ಸವರುವುದು ಸಾಣೆಚಕ್ರಕ್ಕೆ ಪುಡಿ ಕಲಸಿ ಹಚ್ಚಿದಂತೆಯೇ ಸರಿ. ಜಿಡ್ಡು ಇನ್ನಷ್ಟು ಕಣಗಳನ್ನು ಕರೆದು ಕೂರಿಸುತ್ತದೆ, ಜೊತೆಗೆ ಪೆಟ್ರೋಲಿಯಂ ಗ್ರೀಸು ಆ ರಬ್ಬರನ್ನು ಉಬ್ಬಿಸಿ ಗಾಜಿನ ಮೇಲಿನ ಒತ್ತಡವನ್ನೂ ಹೆಚ್ಚಿಸುತ್ತದೆ. “ಇದು ಟಫನ್ಡ್ ಗ್ಲಾಸ್, ಗೀರು ಬೀಳುವುದಿಲ್ಲ” ಎಂಬ ನಂಬಿಕೆಯೂ ಹುಸಿ. ಬಾಗಿಲ ಗಾಜನ್ನು 600 ಡಿಗ್ರಿಗೂ ಮೀರಿ ಕಾಯಿಸಿ, ತಣ್ಣನೆಯ ಗಾಳಿಯಿಂದ ಒಮ್ಮೆಲೇ ಆರಿಸುತ್ತಾರೆ. ಇದರಿಂದ ಮೇಲ್ಮೈ ಬಿಗಿಯಾಗಿ ಅದುಮಿಕೊಂಡು ಒಡೆಯುವುದು ಕಷ್ಟವಾಗುತ್ತದೆ, ಒಡೆದರೂ ಸಣ್ಣ ಹರಳುಗಳಾಗಿ ಉದುರುತ್ತದೆ. ಆದರೆ ಮೋಸ್‌ನ ಮಾಪಕದಲ್ಲಿ ಅದರ ಸ್ಥಾನ ಮೇಲೇರುವುದಿಲ್ಲ. ಒಡೆಯದಿರುವ ಗುಣ ಬೇರೆ, ಗೀರದಿರುವ ಗುಣ ಬೇರೆ.

ಟೂತ್‌ಪೇಸ್ಟ್ ಉಜ್ಜಿದರೆ ಗೀರು ಹೋಗುತ್ತದೆ ಎಂಬ ಮಾತಂತೂ ನನಗೆ ನಿಜಕ್ಕೂ ಬೇಸರ ತರಿಸಿದೆ. ಹಲ್ಲಿನ ಎನಾಮಲ್ಲನ್ನು ಕೆಡಿಸಬಾರದೆಂದೇ ಹದ ಮಾಡಿದ ಪುಡಿಯಿಂದ ಅದಕ್ಕಿಂತ ಗಟ್ಟಿಯಾದ ಗಾಜನ್ನು ಗೀರಿನ ಆಳದವರೆಗೆ ಸವೆಸಲಾಗದು. ಎಣ್ಣೆ ಅಥವಾ ನೀರು ಸವರಿದಾಗ ಗೀರು ಮಾಯವಾದಂತೆ ತೋರುವುದಕ್ಕೆ ಕಾರಣ ಬೇರೆ ಇದೆ. ಬೆಳಕನ್ನು ಬಗ್ಗಿಸುವ ಪ್ರಮಾಣ ಗಾಜಿನಲ್ಲಿ 1.52, ತೆಂಗಿನೆಣ್ಣೆಯಲ್ಲಿ ಸುಮಾರು 1.45, ನೀರಿನಲ್ಲಿ 1.33. ಗೀರಿನ ಗುಂಡಿಯಲ್ಲಿ ಗಾಳಿಯ ಬದಲು ಎಣ್ಣೆ ತುಂಬಿದರೆ ಬೆಳಕಿಗೆ ಅಲ್ಲಿ ಗುಂಡಿ ಇದೆಯೆಂದೇ ತಿಳಿಯುವುದಿಲ್ಲ. ಎಣ್ಣೆ ಹೋದೊಡನೆ ಗೀರು ಮತ್ತೆ ಹಾಜರಾಗುತ್ತದೆ.

ನಾನು ಮಾಡಿದ ಪತ್ತೆದಾರಿಕೆ ಇಷ್ಟೆ. ಗಾಜನ್ನು ಪೂರ್ತಿ ಏರಿಸಿ, ಎಲ್ಲಕ್ಕಿಂತ ದಪ್ಪದ ಗೆರೆ ಬೀಡಿಂಗನ್ನು ಸೇರುವ ಜಾಗದಲ್ಲಿ ಬಾಗಿಲಿಗೆ ಒಂದು ಚೂರು ಟೇಪ್ ಅಂಟಿಸಿದೆ. ನಂತರ ಗಾಜು ಇಳಿಸಿ, ಟೇಪಿನ ನೇರಕ್ಕೆ ಬೀಡಿಂಗಿನ ತುಟಿಯನ್ನು ಬೆರಳಿನಿಂದ ಮಗುಚಿ ಟಾರ್ಚ್ ಹಾಕಿ ನೋಡಿದಾಗ ಎಳೆಗಳ ಬುಡದಲ್ಲಿ ಸಾಸಿವೆಯ ಅರ್ಧದಷ್ಟಿದ್ದ, ಕಲ್ಲುಸಕ್ಕರೆಯಂತೆ ಹೊಳೆಯುವ ಒಂದು ಕಣ ಸಿಕ್ಕಿತು. ಅದನ್ನು ಚಿಮುಟದಿಂದ ಹಿಡಿದು ಖಾಲಿ ಬಾಟಲಿಯ ತಳಕ್ಕೆ ಒತ್ತಿ ಎಳೆದೆ. ಕಿರ್ ಎಂದು ಸದ್ದಾಗಿ ಬಿಳಿ ಗೆರೆ ಮೂಡಿತು.

ತಡೆಯುವುದು ಕಷ್ಟವಲ್ಲ. ತಿಂಗಳಿಗೊಮ್ಮೆ, ಕಡಲತೀರಕ್ಕೆ ಹೋಗಿ ಬಂದ ಮರುದಿನ ತಪ್ಪದೆ, ಗಾಜನ್ನು ಪೂರ್ತಿ ಇಳಿಸಿ ಬೀಡಿಂಗಿನ ಎರಡೂ ತುಟಿಗಳನ್ನು ವ್ಯಾಕ್ಯೂಮ್‌ನಿಂದ ಎಳೆಯಬೇಕು. ಅನಂತರ ಹಳೆಯ ಟೂತ್‌ಬ್ರಶ್ಶಿನಿಂದ ಎಳೆಗಳನ್ನು ಬಿಡಿಸಿ, ತೆಳ್ಳನೆಯ ಪ್ಲಾಸ್ಟಿಕ್ ಕಾರ್ಡಿಗೆ ಒದ್ದೆ ಬಟ್ಟೆ ಸುತ್ತಿ ಸಂದಿಯ ಉದ್ದಕ್ಕೂ ಎಳೆಯಬೇಕು. ಎರಡು ಬದಿಯಲ್ಲಿ ಗಾಜು ಓಡುವ ರಬ್ಬರ್ ಕಾಲುವೆಗೂ ಇದೇ ಉಪಚಾರ. ಒಣಗಿದ ಮೇಲೆ ಆ ಕಾಲುವೆಗೆ ಮಾತ್ರ, ಬಟ್ಟೆಗೆ ಸಿಂಪಡಿಸಿಕೊಂಡ ಸಿಲಿಕೋನ್ ಸ್ಪ್ರೇಯನ್ನು ತೆಳ್ಳಗೆ ಸವರಬಹುದು. ಗಾಜನ್ನು ಒಣಬಟ್ಟೆಯಿಂದಾಗಲಿ ಕಾಗದದಿಂದಾಗಲಿ ನೇರವಾಗಿ ಒರೆಸಕೂಡದು, ಕಣ ಸಿಕ್ಕಿದ ಬಟ್ಟೆಯೂ ಒಂದು ಮಸೆಹಲಗೆಯೇ. ಮೊದಲು ಧಾರಾಳವಾಗಿ ನೀರು ಹಾಯಿಸಿ ಧೂಳು ಇಳಿದ ಮೇಲಷ್ಟೇ ಬಟ್ಟೆ ಮುಟ್ಟಿಸಬೇಕು. ಎಳೆಗಳು ಉದುರಿ ಬೀಡಿಂಗಿನ ಬೋಳು ಮುಖ ಕಾಣತೊಡಗಿದ್ದರೆ ತೊಳೆದು ಪ್ರಯೋಜನವಿಲ್ಲ, ಪಟ್ಟಿಯನ್ನೇ ಬದಲಿಸಬೇಕು.

ಬಿದ್ದ ಗೀರನ್ನು ಸೀರಿಯಂ ಆಕ್ಸೈಡ್ ಪುಡಿಯಿಂದ ಪಾಲಿಶ್ ಮಾಡಿಸಬಹುದು, ಅದೂ ಉಗುರಿಗೆ ತಡೆಯದಷ್ಟು ಸಣ್ಣದಿದ್ದರೆ ಮಾತ್ರ. ಆಳವಾದ ಗೀರನ್ನು ಉಜ್ಜಿ ತೆಗೆಯಲು ಹೋದರೆ ಅಲ್ಲಿ ಗಾಜು ತಗ್ಗಾಗಿ ಮಸೂರದಂತೆ ನೋಟವನ್ನು ಸೊಟ್ಟಗೆ ಮಾಡುತ್ತದೆ. ಚಾಲಕನ ಪಕ್ಕದ ಗಾಜಿನಲ್ಲಿ ಇದು ಅಂದಚಂದದ ಪ್ರಶ್ನೆಯಲ್ಲ. ಹೊರಗಿನ ಕನ್ನಡಿಯನ್ನು ನಾವು ನೋಡುವುದೇ ಆ ಗಾಜಿನ ಮೂಲಕ. ಉದ್ದ ಗೀರು ಬೆಳಕನ್ನು ಅಡ್ಡಕ್ಕೆ ಚೆದುರಿಸುವುದರಿಂದ, ರಾತ್ರಿ ದೇವಿಮನೆ ಘಟ್ಟ ಇಳಿಯುವಾಗ ಹಿಂದಿನ ಲಾರಿಯ ಎರಡು ದೀಪಗಳು ಕನ್ನಡಿಯಲ್ಲಿ ಒಂದೇ ಬಿಳಿ ಪಟ್ಟಿಯಾಗಿ ಹರಡಿ, ಲಾರಿ ಎಷ್ಟು ಹತ್ತಿರವಿದೆ ಎಂಬುದೇ ತಿಳಿಯದಂತಾಗುತ್ತದೆ.

ನಮ್ಮ ಕಡೆ ಬೀಡಿಂಗ್ ತೊಳೆಯುವ ಈ ಕೆಲಸವನ್ನು ತಪ್ಪಿಸಲೇಬಾರದ ಸಮಯ ಮೇ ತಿಂಗಳ ಕೊನೆ. ಬೇಸಿಗೆಯ ಧೂಳೆಲ್ಲ ಆ ಹೊತ್ತಿಗೆ ಬೀಡಿಂಗಿನ ಅಂಚಿನಲ್ಲಿ ಸೇರಿರುತ್ತದೆ, ಜೂನ್ ಮೊದಲ ಮಳೆ ಅದನ್ನು ಕೆಸರು ಮಾಡಿ ಎಳೆಗಳ ಬುಡಕ್ಕೆ ಇಳಿಸುತ್ತದೆ. ಬೀಡಿಂಗ್ ತೊಳೆದ ದಿನವೇ ಬಾಗಿಲ ತಳದಂಚಿನಲ್ಲಿ ನೀರು ಹೋಗಲು ಇರುವ ಸಣ್ಣ ತೂತುಗಳನ್ನೂ ಹಿಡಿಕಡ್ಡಿಯಿಂದ ಬಿಡಿಸಿಕೊಳ್ಳಬೇಕು. ಅಲ್ಲಿಂದ ಹೊರಬರುವ ಕೆಸರನ್ನು ಅಂಗೈಯಲ್ಲಿ ಉಜ್ಜಿ ನೋಡಿದರೆ ಬೆಣಚಿನ ಕಣಗಳು ಚರಚರ ಎಂದು ಕೈಗೆ ಸಿಗುತ್ತವೆ.